293318625600: ರಾಮಾನುಜನ್ ಪಟ್ಟಿಯಲ್ಲಿ ಬಿಟ್ಟುಹೋದ ಸಂಖ್ಯೆ

29 ಸಾವಿರದ 331 ಕೋಟಿ, 86 ಲಕ್ಷ, 25 ಸಾವಿರದ 600. ಅಂಕಿಗಳಲ್ಲಿ ಬರೆದರೆ 293318625600. ನೋಡೋದಕ್ಕೆ ಯಾವುದೋ ಬಜೆಟ್ಟಿನ ಮೊತ್ತದ ಹಾಗಿದೆ. ಕೊನೆಯಲ್ಲಿ ಎರಡು ಸೊನ್ನೆ ಇರುವುದು ಬಿಟ್ಟರೆ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಆದರೆ ಪೂರ್ಣಸಂಖ್ಯೆಗಳಲ್ಲಿ ನನಗೆ ತುಂಬಾ ಇಷ್ಟವಾದ ಒಂದನ್ನು ಹೇಳಿ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಹನ್ನೆರಡು ಅಂಕಿಯ ಸಂಖ್ಯೆ ಇವತ್ತಿನ ಲೆಕ್ಕದಲ್ಲಿ ದೊಡ್ಡದೇನಲ್ಲ. ಹಿಂದೆಯೂ ನಮ್ಮವರಿಗೆ ಅದು ದೊಡ್ಡದಾಗಿ ಕಂಡಿರಲಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕದಿಂದ ಶುರುವಾಗಿ ಮಹಾಕ್ಷೋಭದವರೆಗೆ. ಅವನ ಲೆಕ್ಕದಲ್ಲಿ ಹನ್ನೆರಡನೆಯ ಸ್ಥಾನ ನ್ಯರ್ಬುದ. ಅಂದರೆ ನಮ್ಮ ಸಂಖ್ಯೆ ಎರಡು ನ್ಯರ್ಬುದ ದಾಟಿದೆ, ಮೂರಕ್ಕೆ ಹತ್ತಿರವಿದೆ. ಹಾಗಾಗಿ ಗಾತ್ರದ ಮಾತನ್ನು ಇಲ್ಲಿಗೇ ಬಿಡೋಣ. ಒಂದು ಸಂಖ್ಯೆಯ ಗುಣ ಅದು ಎಷ್ಟು ದೊಡ್ಡದು ಅನ್ನುವುದರಲ್ಲಿ ಇರುವುದಿಲ್ಲ. ಅದು ಯಾವುದರಿಂದ ಕಟ್ಟಿದೆ ಅನ್ನುವುದರಲ್ಲಿ ಇರುತ್ತದೆ.

ಬಿಡಿಸಿ ನೋಡಿದರೆ ಇದು ಹೀಗಿದೆ:

293318625600 = 2⁶ × 3⁴ × 5² × 7² × 11 × 13 × 17 × 19

ಆರು ಎರಡು, ನಾಲ್ಕು ಮೂರು, ಎರಡು ಐದು, ಎರಡು ಏಳು, ಆಮೇಲೆ ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು ಒಂದೊಂದು. ಅಷ್ಟೇ. ಇಷ್ಟು ದೊಡ್ಡ ಸಂಖ್ಯೆಯಲ್ಲಿ 19ನ್ನು ಮೀರಿದ ಒಂದೇ ಒಂದು ಅವಿಭಾಜ್ಯ ಸಂಖ್ಯೆಯೂ ಇಲ್ಲ. 1ರಿಂದ 22ರವರೆಗಿನ ಎಲ್ಲ ಸಂಖ್ಯೆಗಳೂ ಇದನ್ನು ಶೇಷವಿಲ್ಲದೆ ಭಾಗಿಸುತ್ತವೆ. ಮೊದಲು ಸೋಲುವುದು 23. ಈ 23 ಆಮೇಲೆ ಮತ್ತೆ ಬರುತ್ತದೆ.

ಇದಕ್ಕೆ ಒಟ್ಟು ಎಷ್ಟು ಭಾಜಕಗಳಿವೆ? ಎಣಿಸೋದು ಸುಲಭ. ಒಂದು ಭಾಜಕವನ್ನು ಕಟ್ಟಬೇಕಾದರೆ ಈ ಸಾಮಗ್ರಿಯಿಂದಲೇ ಆರಿಸಿಕೊಳ್ಳಬೇಕು. ಎರಡನ್ನು ಒಂದೂ ತೆಗೆದುಕೊಳ್ಳದೆ ಇರಬಹುದು, ಒಂದು ತೆಗೆದುಕೊಳ್ಳಬಹುದು, ಹೀಗೆ ಆರರವರೆಗೆ. ಒಟ್ಟು 7 ದಾರಿ. ಮೂರಕ್ಕೆ 5 ದಾರಿ. ಐದಕ್ಕೂ ಏಳಕ್ಕೂ ಮೂರು ಮೂರು. ಉಳಿದ ನಾಲ್ಕಕ್ಕೆ ಎರಡೆರಡು, ಅಂದರೆ ಇದೆ ಅಥವಾ ಇಲ್ಲ. 7 × 5 × 3 × 3 × 2 × 2 × 2 × 2 ಗುಣಿಸಿದರೆ 5040 ಬರುತ್ತದೆ.

ಐದು ಸಾವಿರದ ನಲವತ್ತು ಭಾಜಕಗಳು! ಇದು ಎಷ್ಟು ಜಾಸ್ತಿ ಅನ್ನೋದು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. 1ರಿಂದ ನಮ್ಮ ಸಂಖ್ಯೆಯವರೆಗಿನ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಎಷ್ಟು ಭಾಜಕ ಅಂತ ಎಣಿಸಿ, ಸರಾಸರಿ ತೆಗೆದರೆ 27ನ್ನೂ ಮುಟ್ಟುವುದಿಲ್ಲ. ಎಣಿಸದೆಯೇ ಈ ಸರಾಸರಿ ಕಂಡುಹಿಡಿಯುವ ದಾರಿಯನ್ನು 19ನೇ ಶತಮಾನದಲ್ಲಿ ಜರ್ಮನಿಯ ಗಣಿತಜ್ಞ ಡಿರಿಕ್ಲೆ ತೋರಿಸಿಕೊಟ್ಟ. ಸರಾಸರಿ 27ಕ್ಕಿಂತ ಕಡಿಮೆ ಇರುವ ಕಡೆ ಇದೊಂದಕ್ಕೆ 5040. ಅಷ್ಟೇ ಅಲ್ಲ, ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. ಹಿಂದಿನ ಎಲ್ಲವನ್ನೂ ಸೋಲಿಸಿದ ದಾಖಲೆ ಇದರದ್ದು.

ಹೀಗೆ ದಾಖಲೆ ಮುರಿಯುವ ಸಂಖ್ಯೆಗಳನ್ನು ಅತಿಸಂಯುಕ್ತ ಸಂಖ್ಯೆಗಳು ಎನ್ನೋಣ. ಇದಕ್ಕೆ ಸಂಬಂಧಿಸಿದ ಮೊದಲ ದೊಡ್ಡ ಕೆಲಸ ಶ್ರೀನಿವಾಸ ರಾಮಾನುಜನ್ ಅವರದ್ದು. ಪಟ್ಟಿ ಶುರುವಾಗುವುದು ತೀರಾ ಪರಿಚಿತ ಮುಖಗಳಿಂದ: 2, 4, 6, 12, 24, 36, 48, 60, 120, 180, 240, 360, 720, 840, 1260, 1680, 2520, 5040. ಡಜನ್ನಿನ 12, ದಿನದ 24 ಗಂಟೆ, ಗಂಟೆಯ 60 ನಿಮಿಷ, ವೃತ್ತದ 360 ಡಿಗ್ರಿ ಎಲ್ಲವೂ ಇಲ್ಲಿವೆ. ಅವು ಬಳಕೆಗೆ ಬಂದದ್ದಕ್ಕೆ ಬೇರೆ ಬೇರೆ ಕಾರಣಗಳೂ ಇರಬಹುದು. ಆದರೆ ಸಾವಿರಾರು ವರ್ಷ ಉಳಿದುಕೊಂಡದ್ದಕ್ಕೆ ಸುಲಭವಾಗಿ ಪಾಲು ಮಾಡಬಹುದು ಅನ್ನುವುದೂ ಒಂದು ಕಾರಣ ಎಂದು ನನಗೆ ಬಲವಾಗಿ ಅನಿಸುತ್ತದೆ. 100 ರೂಪಾಯಿಯನ್ನು ಮೂವರಿಗೆ ಸಮ ಹಂಚೋದಕ್ಕೆ ಆಗಲ್ಲ. 60 ನಿಮಿಷವನ್ನು ಮೂವರಿಗೂ ಹಂಚಬಹುದು, ನಾಲ್ವರಿಗೂ, ಐವರಿಗೂ, ಆರು ಜನಕ್ಕೂ ಹಂಚಬಹುದು.

ರಾಮಾನುಜನ್ 1914ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ತಲುಪಿದರು. ಆಗಸ್ಟ್‌ನಲ್ಲಿ ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಕೇಂಬ್ರಿಡ್ಜ್ ಖಾಲಿಯಾಗುತ್ತಿದ್ದ ಆ ದಿನಗಳಲ್ಲಿ ಅವರು ಈ ಸಂಖ್ಯೆಗಳ ಮೇಲೆ ಕೆಲಸ ಮಾಡಿದರು. 1915ರಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅರವತ್ತಕ್ಕೂ ಹೆಚ್ಚು ಪುಟಗಳ ಪ್ರಬಂಧ ಅಚ್ಚಾಯಿತು. 1916ರ ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ಅವರಿಗೆ ಸಂಶೋಧನೆಯ ಆಧಾರದ ಮೇಲೆ ಬಿಎ ಪದವಿ ಕೊಟ್ಟದ್ದು ಈ ಕೆಲಸಕ್ಕೇ. ಕುಂಭಕೋಣದಲ್ಲೂ ಮದ್ರಾಸಿನಲ್ಲೂ ಕಾಲೇಜು ಪರೀಕ್ಷೆ ದಾಟಲಾಗದೆ ಹೋದ ಹುಡುಗನಿಗೆ ಪದವಿ ತಂದುಕೊಟ್ಟದ್ದು ಭಾಜಕಗಳ ಲೆಕ್ಕ!

ಆದರೆ ಅವರು ಬರೆದದ್ದೆಲ್ಲ ಅಚ್ಚಾಗಲಿಲ್ಲ. ಯುದ್ಧದ ಕಾಲ, ಸೊಸೈಟಿಯ ಹತ್ತಿರ ಹಣವಿರಲಿಲ್ಲ. ಪ್ರಬಂಧದ ಒಂದು ಭಾಗವನ್ನು ಬಿಡಬೇಕಾಯಿತು. ಆ ಭಾಗ ಹಸ್ತಪ್ರತಿಯಾಗಿ ಉಳಿದು, 1997ರಲ್ಲಿ ಝಾನ್-ಲೂಯಿ ನಿಕೋಲಾ ಮತ್ತು ಗಿ ರೋಬಾಂ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರ ಟಿಪ್ಪಣಿಗಳೊಂದಿಗೆ ರಾಮಾನುಜನ್ ಹೆಸರಿನ ಪತ್ರಿಕೆಯ ಮೊದಲ ಸಂಪುಟದಲ್ಲೇ ಬೆಳಕು ಕಂಡಿತು. ಎಂಬತ್ತು ವರ್ಷಕ್ಕೂ ಜಾಸ್ತಿ ಕಾದ ಕೆಲಸ ಅದು.

ಅಚ್ಚಾದ ಭಾಗದಲ್ಲಿ ಒಂದು ಪಟ್ಟಿ ಇದೆ. ಚಿಕ್ಕದರಿಂದ ಶುರುಮಾಡಿ ಒಂದಾದ ಮೇಲೊಂದರಂತೆ ಅತಿಸಂಯುಕ್ತ ಸಂಖ್ಯೆಗಳು, ನೂರಕ್ಕೂ ಮೇಲ್ಪಟ್ಟು. ಕೊನೆಯದು 6746328388800. ಅಂದರೆ 6 ಲಕ್ಷದ 74 ಸಾವಿರದ 632 ಕೋಟಿ, ಅದರ ಮೇಲೆ ಇನ್ನಷ್ಟು. ಅದಕ್ಕೆ 10080 ಭಾಜಕಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲಿ ಮಾಡಿದ ಪಟ್ಟಿ. ಅದರಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿದೆ. 293318625600.

ಇಂಥ ಪಟ್ಟಿಯನ್ನು ಕೈಯಲ್ಲಿ ಹೇಗೆ ಮಾಡೋದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದೊಂದೇ ಸಂಖ್ಯೆಯನ್ನು ಪರೀಕ್ಷಿಸುತ್ತಾ ಹೋದರೆ ಆಯಸ್ಸು ಸಾಲದು. ರಾಮಾನುಜನ್ ಮೊದಲು ಕೇಳಿದ್ದು, ಅತಿಸಂಯುಕ್ತ ಸಂಖ್ಯೆಯ ಆಕಾರ ಹೇಗಿರಲೇಬೇಕು ಎಂದು. ಒಂದು: ನಡುವೆ ಯಾವ ಅವಿಭಾಜ್ಯವನ್ನೂ ಬಿಡುವಂತಿಲ್ಲ. 13 ಇದ್ದು 11 ಇಲ್ಲದಿದ್ದರೆ, 13ರ ಜಾಗಕ್ಕೆ 11 ಹಾಕಿ. ಭಾಜಕಗಳ ಲೆಕ್ಕ ಅಷ್ಟೇ ಉಳಿಯುತ್ತದೆ, ಸಂಖ್ಯೆ ಚಿಕ್ಕದಾಗುತ್ತದೆ. ಹಾಗಾದರೆ ದೊಡ್ಡದು ದಾಖಲೆ ಮುರಿದದ್ದೇ ಅಲ್ಲ. ಎರಡು: ಮುಂದೆ ಮುಂದೆ ಹೋದಂತೆ ಘಾತಗಳು, ಅಂದರೆ ಒಂದೊಂದು ಅವಿಭಾಜ್ಯ ಎಷ್ಟು ಸಲ ಬರುತ್ತದೆ ಅನ್ನುವ ಲೆಕ್ಕ, ಏರುವಂತಿಲ್ಲ. ಮೂರಕ್ಕಿಂತ ಐದು ಜಾಸ್ತಿ ಇದ್ದರೆ ಅವೆರಡರ ಘಾತಗಳನ್ನು ಅದಲುಬದಲು ಮಾಡಿ, ಮತ್ತೆ ಸಂಖ್ಯೆ ಚಿಕ್ಕದಾಗುತ್ತದೆ. ಮೂರು: ಕೊನೆಯ ಅವಿಭಾಜ್ಯ ಒಂದೇ ಸಲ ಬರುತ್ತದೆ. ಇದಕ್ಕೆ ಎರಡೇ ಅಪವಾದ, 4 ಮತ್ತು 36. ಮೊದಲ ಎರಡು ಸಂಗತಿ ಶಾಲೆಯ ಮಕ್ಕಳಿಗೂ ಹೇಳಬಹುದು. ಮೂರನೆಯದನ್ನು ಸಾಧಿಸೋದು ಕಷ್ಟ. ರಾಮಾನುಜನ್ ಸಾಧಿಸಿದರು.

ಇಷ್ಟಾದ ಮೇಲೂ ಪ್ರತಿ ಹೆಜ್ಜೆಯಲ್ಲೂ ಒಂದು ಚೌಕಾಶಿ ಇರುತ್ತದೆ. ಹೊಸದೊಂದು ಅವಿಭಾಜ್ಯ ಸೇರಿಸಿದರೆ ಭಾಜಕಗಳು ಒಮ್ಮೆಗೇ ಎರಡು ಪಟ್ಟಾಗುತ್ತವೆ. ಆದರೆ ಅದಕ್ಕೆ ಸಂಖ್ಯೆಯನ್ನು 23ರಿಂದಲೋ 29ರಿಂದಲೋ ಗುಣಿಸಬೇಕು. ಇನ್ನೊಂದು ಎರಡನ್ನು ಸೇರಿಸಿದರೆ ಸಂಖ್ಯೆ ಎರಡು ಪಟ್ಟು ಮಾತ್ರ ಆಗುತ್ತದೆ. ಆದರೆ ಭಾಜಕಗಳು 7ರಿಂದ 8ಕ್ಕೆ ಏರಿದಷ್ಟೇ ಹೆಚ್ಚುತ್ತವೆ. ಯಾವುದನ್ನು ಬಿಟ್ಟು ಯಾವುದನ್ನು ತೆಗೆದುಕೊಂಡರೆ ಲಾಭ ಅನ್ನುವುದನ್ನು ಪ್ರತಿ ಬಾರಿಯೂ ಹೊಸದಾಗಿ ತೂಗಬೇಕು.

ಈಗ ಬಿಟ್ಟುಹೋದ ಸಂಖ್ಯೆಯ ಅಕ್ಕಪಕ್ಕದವರನ್ನು ನೋಡಿ. ಅದರ ಹಿಂದಿನದು 240940299600, ಅದಕ್ಕೆ 4800 ಭಾಜಕ. ಮುಂದಿನದು 321253732800, ಅದಕ್ಕೆ 5376 ಭಾಜಕ. ಇವನ್ನು ಬಿಡಿಸಿ ಬರೆದರೆ:

240940299600 = 2⁴ × 3⁴ × 5² × 7 × 11 × 13 × 17 × 19 × 23

321253732800 = 2⁶ × 3³ × 5² × 7 × 11 × 13 × 17 × 19 × 23

ಎರಡರಲ್ಲೂ 23 ಇದೆ. ಎರಡರಲ್ಲೂ 7 ಒಂದೇ ಸಲ ಇದೆ. ನಡುವೆ ಬರುವ ನಮ್ಮ ಸಂಖ್ಯೆ ಮಾತ್ರ 19ಕ್ಕೇ ನಿಂತು, ಅದರ ಬದಲು ಇನ್ನೊಂದು 7 ಇಟ್ಟುಕೊಂಡಿದೆ. ಇದರ ಅರ್ಧ, 146659312800, ಪಟ್ಟಿಯಲ್ಲಿದೆ. ಅದೂ 19ಕ್ಕೇ ನಿಲ್ಲುತ್ತದೆ. ಅದಾದ ಮೇಲೆ 23 ಬಂದು ಕೂರುತ್ತದೆ. ಅಲ್ಲಿಂದ ಪಟ್ಟಿಯ ಕೊನೆಯವರೆಗೆ 23 ಇಲ್ಲದ ಅತಿಸಂಯುಕ್ತ ಸಂಖ್ಯೆ ಇದೊಂದೇ. ನನ್ನ ಊಹೆ ಹೀಗಿದೆ: 23ರ ಯುಗ ಶುರುವಾಯಿತು, ಇನ್ನು 19ಕ್ಕೆ ನಿಲ್ಲುವವರು ಯಾರೂ ಉಳಿದಿಲ್ಲ ಅನ್ನುವ ಹಂತದಲ್ಲಿ ಈ ಕೊನೆಯವನು ಕಣ್ಣು ತಪ್ಪಿಸಿಕೊಂಡಿರಬೇಕು. ಇದು ಊಹೆ ಮಾತ್ರ. ಆದರೆ ಆ ಮೂರು ಸಾಲುಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ನೋಡಿದವರಿಗೆ ಅದು ಸಹಜ ಅನಿಸದೆ ಇರದು. ಪಟ್ಟಿಯ ಕೊನೆಯ ಸಂಖ್ಯೆ 6746328388800 ಇದೆಯಲ್ಲ, ಅದು ನಮ್ಮ ಸಂಖ್ಯೆಯ ಸರಿಯಾಗಿ 23 ಪಟ್ಟು. ಬಿಟ್ಟುಹೋದದ್ದಕ್ಕೆ ಒಂದು 23 ಸೇರಿಸಿದರೆ ಪಟ್ಟಿ ಮುಗಿಯುವ ಜಾಗಕ್ಕೇ ಬಂದು ನಿಲ್ಲುತ್ತೇವೆ!

ನೂರಕ್ಕೂ ಹೆಚ್ಚು ಸಂಖ್ಯೆಗಳಲ್ಲಿ ಒಂದು ಮಾತ್ರ ತಪ್ಪಿತು ಅನ್ನುವುದು ರಾಮಾನುಜನ್ ಬಗ್ಗೆ ನನ್ನ ಗೌರವವನ್ನು ಹೆಚ್ಚಿಸುತ್ತದೆ. ಅವರ ಸೂತ್ರಗಳ ಬಗ್ಗೆ ಮಾತಾಡುವಾಗ ಕನಸು, ದೇವಿ, ಸ್ಫೂರ್ತಿ ಅನ್ನುವ ಮಾತುಗಳು ಜಾಸ್ತಿ ಬರುತ್ತವೆ. ಈ ಪಟ್ಟಿ ಬೇರೆ ಕಥೆ ಹೇಳುತ್ತದೆ. ಇಲ್ಲಿ ಕಾಣೋದು ಗಂಟೆಗಟ್ಟಲೆ ಕೂತು ಗುಣಿಸಿದ, ಹೋಲಿಸಿದ, ಮತ್ತೆ ತೂಗಿದ ಮನುಷ್ಯ. ಅಂಥ ಕೆಲಸದಲ್ಲಿ ಮಾತ್ರ ಇಂಥ ಒಂದು ಬಿಟ್ಟುಹೋಗೋದಕ್ಕೆ ಸಾಧ್ಯ.

ಸಂಖ್ಯೆಗಳನ್ನು ಬಗೆಬಗೆಯಾಗಿ ವಿಂಗಡಿಸುವ ಅಭ್ಯಾಸ ಗಣಿತದಲ್ಲಿ ಬಹಳ ಹಳೆಯದು. ನಮ್ಮ ಸಂಖ್ಯೆಯನ್ನು ಬೇರೆ ಬೇರೆ ಗುಂಪುಗಳ ಬಾಗಿಲಿಗೆ ಕರೆದುಕೊಂಡು ಹೋದರೆ ಎಲ್ಲಿ ಒಳಗೆ ಬಿಡುತ್ತಾರೆ, ಎಲ್ಲಿ ಇಲ್ಲ?

ರಾಮಾನುಜನ್ ಅತಿಸಂಯುಕ್ತ ಸಂಖ್ಯೆಗಳೊಳಗೇ ಇನ್ನೂ ಕಠಿಣವಾದ ಒಂದು ಚಿಕ್ಕ ಗುಂಪು ಮಾಡಿದರು. ಶ್ರೇಷ್ಠ ಅತಿಸಂಯುಕ್ತ ಸಂಖ್ಯೆಗಳು. 2, 6, 12, 60, 120, 360, 2520, 5040, 55440 ಹೀಗೆ ಸಾಗುತ್ತದೆ. ಅದರಲ್ಲಿ ನಮ್ಮ ಸಂಖ್ಯೆಗೆ ಜಾಗವಿಲ್ಲ. ಅದರ ಪಕ್ಕದ 321253732800ಕ್ಕೆ ಇದೆ. ಇನ್ನೊಂದು ಗುಂಪು ಸೂಪರ್‌ಅಬಂಡಂಟ್ ಸಂಖ್ಯೆಗಳದ್ದು. ಅಲ್ಲಿ ಭಾಜಕಗಳು ಎಷ್ಟಿವೆ ಎಂದು ನೋಡುವುದಿಲ್ಲ. ಅವುಗಳ ಮೊತ್ತ ಸಂಖ್ಯೆಯ ಎಷ್ಟು ಪಟ್ಟು ಎಂದು ನೋಡುತ್ತಾರೆ. ನಮ್ಮ ಸಂಖ್ಯೆಯ ಎಲ್ಲ ಭಾಜಕಗಳನ್ನು ಕೂಡಿದರೆ ಅದರ ಸುಮಾರು 5.60 ಪಟ್ಟು ಬರುತ್ತದೆ. ದೊಡ್ಡದೇ. ಆದರೆ ಇದಕ್ಕಿಂತ ಎಷ್ಟೋ ಚಿಕ್ಕದಾದ 160626866400ರ ಭಾಜಕಗಳ ಮೊತ್ತ ಅದರ ಸುಮಾರು 5.65 ಪಟ್ಟು. ಹಾಗಾಗಿ ಇಲ್ಲೂ ನಮ್ಮದಕ್ಕೆ ಪ್ರವೇಶವಿಲ್ಲ. ಎಣಿಕೆಯಲ್ಲಿ ಗೆದ್ದದ್ದು ಮೊತ್ತದಲ್ಲೂ ಗೆಲ್ಲಬೇಕೆಂದಿಲ್ಲ.

ಮುಂದಿನ ಗುಂಪಿಗೆ ಬೆಂಗಳೂರಿನ ನಂಟಿದೆ. 1948ರಲ್ಲಿ ಎ.ಕೆ. ಶ್ರೀನಿವಾಸನ್ ಎಂಬುವವರು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಎರಡು ಪುಟದ ಟಿಪ್ಪಣಿ ಬರೆದರು. ವಿಷಯ ಪ್ರಾಕ್ಟಿಕಲ್ ನಂಬರ್ಸ್. ಒಂದು ಸಂಖ್ಯೆಗಿಂತ ಚಿಕ್ಕದಾದ ಎಲ್ಲವನ್ನೂ ಅದರ ಬೇರೆ ಬೇರೆ ಭಾಜಕಗಳನ್ನು ಕೂಡಿ ಪಡೆಯಲು ಆಗಬೇಕು. ಆಗ ಅದು ಪ್ರಾಕ್ಟಿಕಲ್. 12 ಹಾಗಿದೆ. ಅದನ್ನೇ ಬಿಟ್ಟರೆ ಅದರ ಭಾಜಕಗಳು 1, 2, 3, 4, 6. ಐದು ಬೇಕಾದರೆ 2 ಮತ್ತು 3. ಏಳಕ್ಕೆ 3 ಮತ್ತು 4. ಹತ್ತಕ್ಕೆ 4 ಮತ್ತು 6. ಹನ್ನೊಂದಕ್ಕೆ 1, 4, 6. ಆದರೆ 10 ಹಾಗಿಲ್ಲ. ಅದನ್ನೇ ಬಿಟ್ಟರೆ ಅದರ ಭಾಜಕಗಳು 1, 2, 5. ಇವುಗಳಿಂದ 4 ಆಗುವುದಿಲ್ಲ. ಶ್ರೀನಿವಾಸನ್ ಅವರ ಮನಸ್ಸಿನಲ್ಲಿ ನಾಣ್ಯ, ತೂಕ, ಅಳತೆಗಳಿದ್ದವು. ಆಗಿನ್ನೂ ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಇದ್ದ ಕಾಲ. ಕೆಲವೇ ವರ್ಷಗಳಲ್ಲಿ ಪೋಲೆಂಡಿನ ಸಿಯರ್ಪಿನ್‌ಸ್ಕಿಯಂಥ ದೊಡ್ಡ ಗಣಿತಜ್ಞ ಈ ಸಂಖ್ಯೆಗಳನ್ನು ಕೈಗೆತ್ತಿಕೊಂಡು, ಅವಿಭಾಜ್ಯಗಳನ್ನು ನೋಡಿಯೇ ಗುರುತಿಸುವ ನಿಯಮ ಕೊಟ್ಟರು. ಆ ನಿಯಮದ ಪ್ರಕಾರ ನಮ್ಮ ಸಂಖ್ಯೆ ಪ್ರಾಕ್ಟಿಕಲ್. ಅಂದರೆ 1ರಿಂದ 29 ಸಾವಿರ ಕೋಟಿಯಾಚೆಗಿನ ಆ ಅಂಚಿನವರೆಗೆ ನೀವು ಯಾವ ಸಂಖ್ಯೆ ಹೇಳಿದರೂ, ಈ 5040 ಭಾಜಕಗಳಲ್ಲಿ ಕೆಲವನ್ನು ಒಂದೊಂದೇ ಸಲ ಬಳಸಿ ಕೂಡಿ ತೋರಿಸಬಹುದು. ಎರಡು ಪುಟದ ಟಿಪ್ಪಣಿಯಿಂದ ಹುಟ್ಟಿದ ವಿಷಯದ ಮೇಲೆ ಗಣಿತಜ್ಞರು ಇವತ್ತಿಗೂ ಬರೆಯುತ್ತಿದ್ದಾರೆ. ಇದು ನಮ್ಮಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಇನ್ನೊಂದು ಗುಂಪು ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಅವರದ್ದು. 6174ರ ಚಮತ್ಕಾರ ಕಂಡುಹಿಡಿದವರು ಅವರೇ. ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳಿಗೆ ಅವರು ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ನಮ್ಮ ಸಂಖ್ಯೆಯ ಅಂಕಿಗಳನ್ನು ಕೂಡಿ ನೋಡಿ. 2+9+3+3+1+8+6+2+5+6+0+0 ಅಂದರೆ 45. ನಮ್ಮ ಸಂಖ್ಯೆ 45ರಿಂದ ಭಾಗವಾಗುತ್ತದೆ. ಹಾಗಾಗಿ ಹರ್ಷದವೂ ಹೌದು.

ಆದರೆ ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹರ್ಷದ ಅನ್ನುವುದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದ ಗುಣ. ಎಂಟರ ಲೆಕ್ಕದಲ್ಲಿ ಬರೆದರೆ ಅಂಕಿಗಳೇ ಬದಲಾಗುತ್ತವೆ, ಮೊತ್ತವೂ ಬದಲಾಗುತ್ತದೆ. ಭಾಜಕಗಳ ಲೆಕ್ಕ ಹಾಗಲ್ಲ. ಎಂಟರಲ್ಲಿ ಬರೆಯಿರಿ, ಅರವತ್ತರಲ್ಲಿ ಬರೆಯಿರಿ, ಕಲ್ಲು ಜೋಡಿಸಿ ಎಣಿಸಿ, ಅದು 5040 ಆಗಿಯೇ ಇರುತ್ತದೆ. ನನಗೆ ಎರಡನೆಯ ಬಗೆಯ ಗುಣಗಳೇ ಹೆಚ್ಚು ಹತ್ತಿರ. ಹಾಗಂತ ಮೊದಲನೆಯದನ್ನು ಕಡೆಗಣಿಸೋದು ಸರಿಯಲ್ಲ. ಮಹಾವೀರಾಚಾರ್ಯನೂ ಅಂಕಿಗಳ ಹಾರ ಕಟ್ಟಿ ಖುಷಿಪಟ್ಟವನೇ. 27994681ನ್ನು 441ರಿಂದ ಗುಣಿಸಿ ನೋಡಿ. 12345654321 ಬರುತ್ತದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅದನ್ನು ಕಂಡವನ ಸಂತೋಷ ಇವತ್ತು ಅದನ್ನು ಮಾಡಿ ನೋಡುವವರಿಗೂ ಸಿಗುತ್ತದೆ, ಅಲ್ವಾ?

ಇನ್ನೊಂದು ಸಂಗತಿ ಸುಮ್ನೆ ಲೆಕ್ಕ ಹಾಕುತ್ತಾ ಕೂತಾಗ ಸಿಕ್ಕಿದ್ದು. 5040 ಭಾಜಕಗಳು 2520 ಜೋಡಿಗಳಾಗಿ ಕೂರುತ್ತವೆ. ಪ್ರತಿ ಜೋಡಿಯನ್ನು ಗುಣಿಸಿದರೆ ನಮ್ಮ ಸಂಖ್ಯೆ. ಅಂದರೆ ಇಷ್ಟು ಚೌಕ ಹಾಸುಗಳನ್ನು ಆಯತವಾಗಿ ಜೋಡಿಸಲು 2520 ದಾರಿಗಳಿವೆ. 2520 ಅಂದರೆ 1ರಿಂದ 10ರವರೆಗಿನ ಎಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ಅದೂ ಅತಿಸಂಯುಕ್ತ ಪಟ್ಟಿಯಲ್ಲಿದೆ. ಈ ಆಯತಗಳಲ್ಲಿ ಚೌಕಕ್ಕೆ ತೀರಾ ಹತ್ತಿರದ್ದು ಯಾವುದು? ನಮ್ಮ ಸಂಖ್ಯೆಯ ವರ್ಗಮೂಲ 541588ಕ್ಕೂ 541589ಕ್ಕೂ ನಡುವೆ ಬೀಳುತ್ತದೆ. 541589ರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದರೆ 19321 ಉಳಿಯುತ್ತದೆ. ಅದು 139ರ ವರ್ಗ! ಮೊದಲ ಹೆಜ್ಜೆಯಲ್ಲೇ ಪೂರ್ಣ ವರ್ಗ ಸಿಕ್ಕಿತು. ಹಾಗಾಗಿ 541589ಕ್ಕೆ 139 ಕೂಡಿ, 139 ಕಳೆದರೆ ಆ ಆಯತದ ಬದಿಗಳು ಸಿಗುತ್ತವೆ. 541728 ಮತ್ತು 541450. ಐದೂವರೆ ಲಕ್ಷದ ಹತ್ತಿರದ ಎರಡು ಬದಿಗಳಲ್ಲಿ ವ್ಯತ್ಯಾಸ ಬರೀ 278. ಮೊದಲನೆಯದು 2⁵ × 3⁴ × 11 × 19. ಎರಡನೆಯದು 2 × 5² × 7² × 13 × 17. ಆ ಒಂದೇ ಒಂದು 2ನ್ನು ಬಿಟ್ಟರೆ ಸಾಮಗ್ರಿಯೆಲ್ಲ ಎರಡು ಪಾಲಾಗಿ ಹೋಗಿದೆ. ಮೂರೂ ಹನ್ನೊಂದೂ ಒಂದು ಕಡೆ, ಐದೂ ಏಳೂ ಇನ್ನೊಂದು ಕಡೆ. ಇದನ್ನು ಕಂಡ ದಿನ ನನಗೆ ನಿದ್ದೆ ತಡವಾಯಿತು.

ಈಗ 5040ಕ್ಕೆ ಬರೋಣ. ಏಕೆಂದರೆ ನಮ್ಮ ಸಂಖ್ಯೆಯ ಭಾಜಕಗಳ ಲೆಕ್ಕವಾಗಿ ಬಂದದ್ದು ಅದೇ, ಮತ್ತು ಅದು ಸಾಮಾನ್ಯ ಸಂಖ್ಯೆಯಲ್ಲ. 1ರಿಂದ 7ರವರೆಗೆ ಗುಣಿಸಿದರೆ 5040. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಸಿನಲ್ಲಿ ಪ್ಲೇಟೋ ತನ್ನ ಆದರ್ಶ ನಗರದಲ್ಲಿ 5040 ಕುಟುಂಬಗಳಿರಬೇಕು ಎಂದ. ಅದಕ್ಕೆ ಕಾರಣವನ್ನೂ ಕೊಟ್ಟ. ಅದನ್ನು ಬಿಟ್ಟು ಅದಕ್ಕೆ 59 ಭಾಜಕಗಳಿವೆ, 1ರಿಂದ 10ರವರೆಗಿನ ಎಲ್ಲದರಿಂದಲೂ ಭಾಗವಾಗುತ್ತದೆ, ತೆರಿಗೆಗೂ ಯುದ್ಧಕ್ಕೂ ಜಮೀನು ಹಂಚೋದಕ್ಕೂ ಅನುಕೂಲ ಎಂದು. 11ರಿಂದ ಭಾಗವಾಗುವುದಿಲ್ಲವಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಎರಡು ಕುಟುಂಬ ಬದಿಗಿಟ್ಟರೆ ಅದೂ ಸರಿಹೋಗುತ್ತದೆ ಎಂದ. ನಿಜ, 5038 ಅಂದರೆ 11 × 458.

5040 ಇನ್ನೊಂದು ಕಡೆಯೂ ಗಡಿಕಲ್ಲಾಗಿ ನಿಂತಿದೆ. ಮೇಲೆ ಹೇಳಿದ ಗಿ ರೋಬಾಂ 1984ರಲ್ಲಿ ಒಂದು ಅಚ್ಚರಿಯ ಸಂಗತಿ ಸಾಧಿಸಿದ. ಭಾಜಕಗಳ ಮೊತ್ತ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಒಂದು ಮಿತಿ ಇದೆ. 5040 ಅದನ್ನು ಮೀರುತ್ತದೆ. 5040 ದಾಟಿದ ಮೇಲೆ ಯಾವ ಸಂಖ್ಯೆಯೂ ಅದನ್ನು ಮೀರುವುದಿಲ್ಲ ಎಂದು ಸಾಧಿಸಿದರೆ, ಅವಿಭಾಜ್ಯಗಳು ಹೇಗೆ ಹರಡಿವೆ ಎಂಬುದಕ್ಕೆ ಸಂಬಂಧಿಸಿದ ರೀಮನ್ ಊಹೆ ನಿಜವಾದ ಹಾಗೆ. ಒಂದು ಮೀರಿದರೂ ಅದು ಸುಳ್ಳು. ಗಣಿತದ ಅತಿ ದೊಡ್ಡ ಬಿಡಿಸದ ಪ್ರಶ್ನೆಯನ್ನು ಹೀಗೆ ಕೂಡುವ, ಭಾಗಿಸುವ ಮಾತಿನಲ್ಲೇ ಹೇಳಬಹುದು ಅನ್ನುವುದು ನನಗೆ ಇಂದಿಗೂ ರೋಮಾಂಚನ. 1915ರಲ್ಲಿ ಹಣವಿಲ್ಲದೆ ಅಚ್ಚಾಗದೆ ಉಳಿದ ರಾಮಾನುಜನ್ ಪುಟಗಳಲ್ಲಿ, ರೀಮನ್ ಊಹೆ ನಿಜ ಎಂದುಕೊಂಡು ಇದೇ ಮೊತ್ತದ ಲೆಕ್ಕ ನಡೆದಿತ್ತು.

ಕೊನೆಗೆ, ನನ್ನ ಮಟ್ಟಿಗೆ ಈ ಸಂಖ್ಯೆಯ ಮುಖ್ಯ ಗುಣ. ನಮ್ಮ ಸಂಖ್ಯೆಗೆ 5040 ಭಾಜಕ. 5040ಕ್ಕೆ 60 ಭಾಜಕ. 60ಕ್ಕೆ 12. 12ಕ್ಕೆ 6. 6ಕ್ಕೆ 4. 4ಕ್ಕೆ 3. ಭಾಜಕಗಳ ಲೆಕ್ಕದ ಲೆಕ್ಕ, ಅದರ ಲೆಕ್ಕ. ರಾಮಾನುಜನ್ ಆ ಪ್ರಬಂಧದ ಕೊನೆಯಲ್ಲಿ ಇದನ್ನೂ ಮುಟ್ಟಿದ್ದಾರೆ. ಭಾಜಕಗಳ ಸಂಖ್ಯೆಗೆ ಮತ್ತೆ ಎಷ್ಟು ಭಾಜಕಗಳಿರಬಹುದು, ಅದು ಎಷ್ಟು ದೊಡ್ಡದಾಗಬಹುದು ಎಂದು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ನಾಲ್ವರು ಗಣಿತಜ್ಞರಿಂದ 2012ರಲ್ಲಿ ಬಂತು.

ಈ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ ನೋಡಿ. 3 ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ 4. 4 ಭಾಜಕಗಳಿರುವ ಅತಿ ಚಿಕ್ಕದು 6. ಆರಕ್ಕೆ 12. ಹನ್ನೆರಡಕ್ಕೆ 60. ಅರವತ್ತಕ್ಕೆ 5040. ಐದು ಸಾವಿರದ ನಲವತ್ತಕ್ಕೆ 293318625600. ಪ್ರತಿ ಬಾರಿಯೂ ಸಿಕ್ಕಿದ್ದು ಬರೀ ಅಷ್ಟು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆಯಲ್ಲ, ಅತಿಸಂಯುಕ್ತ ಸಂಖ್ಯೆ. 4, 6, 12, 60, 5040, 293318625600. ಆರಕ್ಕೆ ಆರೂ ದಾಖಲೆ ಮುರಿದವರು. ಹೀಗಾಗಲೇಬೇಕು ಅನ್ನುವ ನಿಯಮವೇನೂ ಇಲ್ಲ. ಉದಾಹರಣೆಗೆ 5 ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ 16. ಆದರೆ ಅದಕ್ಕಿಂತ ಚಿಕ್ಕದಾದ 12ಕ್ಕೇ 6 ಭಾಜಕಗಳಿವೆ.

ಹಾಗಾದರೆ ಮುಂದಿನದು? 293318625600 ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆಗೆ 75 ಅಂಕಿಗಳಿವೆ. 67005916820458 ಎಂದು ಶುರುವಾಗಿ ಹನ್ನೆರಡು ಸೊನ್ನೆಗಳಿಂದ ಮುಗಿಯುತ್ತದೆ. ಅದರಲ್ಲಿ 2ರ ಘಾತ 18, 3ರ ಘಾತ 16, 5ರ ಘಾತ 12, 7ರ ಘಾತ 10. ಹೀಗೆ ಇಳಿಯುತ್ತಾ 61ಕ್ಕೆ ನಿಲ್ಲುತ್ತದೆ. ಇದೂ ಅತಿಸಂಯುಕ್ತವೇ? ಪರೀಕ್ಷೆ ಮಾಡೋದಕ್ಕೆ ಕಂಪ್ಯೂಟರ್ ಬೇಡ. ಹದಿನಾರು ಮೂರುಗಳಲ್ಲಿ ಆರನ್ನು ತೆಗೆದುಹಾಕಿ. ಸಂಖ್ಯೆ 729 ಪಟ್ಟು ಚಿಕ್ಕದಾಗುತ್ತದೆ. ಮೂರರ ಪಾಲಿನ ದಾರಿಗಳು 17ರಿಂದ 11ಕ್ಕೆ ಇಳಿಯುತ್ತವೆ. ಈಗ 61ರ ನಂತರದ ಅವಿಭಾಜ್ಯ 67ನ್ನು ಸೇರಿಸಿ. ಭಾಜಕಗಳು ಎರಡು ಪಟ್ಟು, ಅಂದರೆ 11ರ ಜಾಗದಲ್ಲಿ 22. ಒಟ್ಟಿನಲ್ಲಿ 729 ತೆಗೆದು 67 ಇಟ್ಟೆವು. ಸಂಖ್ಯೆ ಹತ್ತನೇ ಒಂದಕ್ಕಿಂತಲೂ ಚಿಕ್ಕದಾಯಿತು, ಭಾಜಕಗಳು 17ಕ್ಕೆ 22ರ ಲೆಕ್ಕದಲ್ಲಿ ಹೆಚ್ಚಾದವು. ಹಾಗಾಗಿ ಆ 75 ಅಂಕಿಯ ಸಂಖ್ಯೆ ಅತಿಸಂಯುಕ್ತ ಅಲ್ಲ. 4ರಿಂದ ಎಲ್ಲೂ ತುಂಡಾಗದೆ ಬಂದ ಅತಿಸಂಯುಕ್ತ ಸಂಖ್ಯೆಗಳ ಸಾಲು, ರಾಮಾನುಜನ್ ಪಟ್ಟಿಯಲ್ಲಿ ಬಿಟ್ಟುಹೋದ ಈ ಸಂಖ್ಯೆಯವರೆಗೆ ಬರುತ್ತದೆ, ಅದನ್ನು ದಾಟುವುದಿಲ್ಲ.